ಫರ್ಮ್‌ವೇರ್ ಕಟ್ಟಿದ ಕಂಪ್ಯೂಟರನ್ನೂ ಜೋಪಾನ ಮಾಡಬೇಕು

2020ರ ಜೂನ್ ತಿಂಗಳಲ್ಲಿ ಇಸ್ರೇಲಿನ ಜೆಎಸ್‌ಒಎಫ್ ಎಂಬ ಭದ್ರತಾ ಸಂಸ್ಥೆ, ಟ್ರೆಕ್ ಕಂಪನಿ ಬರೆದ ನೆಟ್‌ವರ್ಕ್ ಲೈಬ್ರರಿಯೊಂದರಲ್ಲಿ 19 ದೋಷಗಳನ್ನು ಬಯಲಿಗೆ ತಂದಿತು. ರಿಪಲ್20 ಎಂದು ಹೆಸರಾದ ಈ ದೋಷಗಳು ಪ್ರಿಂಟರ್, ಯುಪಿಎಸ್, ಕಾರ್ಖಾನೆಯ ನಿಯಂತ್ರಕ, ಆಸ್ಪತ್ರೆಯ ಇನ್‌ಫ್ಯೂಷನ್ ಪಂಪ್ ಎನ್ನದೆ ಹತ್ತಾರು ಕೋಟಿ ಸಾಧನಗಳ ಒಳಗೆ ವರ್ಷಗಟ್ಟಲೆ ಕೂತಿದ್ದವು. ಟ್ರೆಕ್ ಸರಿಪಡಿಸಿದ ಆವೃತ್ತಿಯನ್ನು ಕೊಟ್ಟಿತು. ಆದರೆ ಲೈಬ್ರರಿ ಸರಿಯಾದ ಮಾತ್ರಕ್ಕೆ ಪಂಪ್ ಸರಿಯಾಗುವುದಿಲ್ಲ. ಅದನ್ನು ಬಳಸಿದ ಪ್ರತಿ ಕಂಪನಿಯೂ ತನ್ನ ಹಳೆಯ ಫರ್ಮ್‌ವೇರನ್ನು, ಅಂದರೆ ಸಾಧನದೊಳಗೆ ಓಡುವ ಸಾಫ್ಟ್‌ವೇರನ್ನು, ಹುಡುಕಿ ತೆಗೆದು, ಹೊಸ ಲೈಬ್ರರಿಯೊಂದಿಗೆ ಮತ್ತೆ ಬಿಲ್ಡ್ ಮಾಡಿ, ಪರೀಕ್ಷಿಸಿ, ಸಾಧನದವರೆಗೆ ತಲುಪಿಸಬೇಕು. ಹತ್ತು ವರ್ಷದ ಹಿಂದೆ ಮಾಡಿದ ಉತ್ಪನ್ನವನ್ನು ಇವತ್ತು ಮತ್ತೆ ಬಿಲ್ಡ್ ಮಾಡಲು ಬೇಕಾದದ್ದೆಲ್ಲ ನಮ್ಮ ಕೈಯಲ್ಲಿದೆಯೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಸೋರ್ಸ್ ಕೋಡನ್ನು ಹೆಚ್ಚಿನ ಕಂಪನಿಗಳು ಚೆನ್ನಾಗಿಯೇ ಕಾಯ್ದಿಟ್ಟಿರುತ್ತವೆ. ಅದನ್ನು ಬಿಲ್ಡ್ ಮಾಡಿದ ಕಂಪ್ಯೂಟರಿನ ಸ್ಥಿತಿಯನ್ನು ಕಾಯ್ದಿಡುವವರು ಕಡಿಮೆ. ನನ್ನ ವಾದ ಇಷ್ಟೇ: ಎಂಬೆಡೆಡ್ ಕ್ಷೇತ್ರದಲ್ಲಿ ಬಿಲ್ಡ್ ಪರಿಸರವೂ ಉತ್ಪನ್ನದ ಒಂದು ಭಾಗ. ಅದನ್ನು ಕಂಟೇನರಿನಲ್ಲೋ ವರ್ಚುವಲ್ ಮಷೀನಿನಲ್ಲೋ ಕಟ್ಟಿ, ಸೋರ್ಸ್ ಕೋಡಿನ ಪಕ್ಕದಲ್ಲೇ ಇಡುವುದನ್ನು ಎಂಜಿನಿಯರರ ಅನುಕೂಲಕ್ಕೆ ಬಿಡದೆ ಕಡ್ಡಾಯ ಕೆಲಸವೆಂದು ಎಣಿಸಬೇಕು.

ಇದೇಕೆ ಅಷ್ಟು ಮುಖ್ಯ ಎಂದು ತಿಳಿಯಲು ಫರ್ಮ್‌ವೇರ್ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು. ವಿದ್ಯುತ್ ಮೀಟರಿನ ಒಳಗಿರುವ ಚಿಪ್‌ಗೆ ಇರುವ ಮೆಮೊರಿಯನ್ನು ಕಿಲೋಬೈಟುಗಳಲ್ಲಿ ಎಣಿಸುತ್ತಾರೆ. ಅದರ ಮೇಲೆ ಕಂಪೈಲರ್ ಓಡಿಸುವ ಮಾತೇ ಇಲ್ಲ. ಹಾಗಾಗಿ ಎಂಜಿನಿಯರ್ ತನ್ನ ಲ್ಯಾಪ್‌ಟಾಪಿನಲ್ಲಿ ಕ್ರಾಸ್ ಕಂಪೈಲರ್ ಇಟ್ಟುಕೊಂಡು, ಬೇರೊಂದು ಜಾತಿಯ ಪ್ರೊಸೆಸರಿಗೆ ಬೇಕಾದ ಬೈನರಿಯನ್ನು ಅಲ್ಲಿ ತಯಾರಿಸಿ ಕೇಬಲ್ ಮೂಲಕ ಬೋರ್ಡಿಗೆ ಇಳಿಸುತ್ತಾನೆ. ಈ ಕೆಲಸಕ್ಕೆ ಕಂಪೈಲರ್ ಒಂದೇ ಸಾಕಾಗದು. ಲಿಂಕರ್, ಚಿಪ್ ತಯಾರಕರು ಕೊಟ್ಟ ಎಸ್‌ಡಿಕೆ, ಮೇಕ್ ಅಥವಾ ಸಿಮೇಕ್, ಬಿಲ್ಡಿನ ನಡುವೆ ಓಡುವ ಪೈಥಾನ್ ಸ್ಕ್ರಿಪ್ಟ್‌ಗಳು, ಆ ಸ್ಕ್ರಿಪ್ಟ್‌ಗಳಿಗೆ ಬೇಕಾದ ಮಾಡ್ಯೂಲ್‌ಗಳು, ಎಲ್ಲದರ ಕೆಳಗೆ ಆ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಕೊಡುವ ಲೈಬ್ರರಿಗಳು ಬೇಕು. ಇವುಗಳಲ್ಲಿ ಪ್ರತಿಯೊಂದೂ ತನ್ನದೇ ವೇಗದಲ್ಲಿ ಬದಲಾಗುತ್ತಾ ಹೋಗುತ್ತದೆ. ಪೈಥಾನ್ 2ಕ್ಕೆ 2020ರ ಜನವರಿ 1ರಂದು ಬೆಂಬಲ ನಿಂತಿತು. ಅದನ್ನು ನಂಬಿ ಬರೆದ ಬಿಲ್ಡ್ ಸ್ಕ್ರಿಪ್ಟ್‌ಗಳು ಮಾತ್ರ ಇನ್ನೂ ಎಷ್ಟೋ ಉತ್ಪನ್ನಗಳ ಫೋಲ್ಡರಿನಲ್ಲಿವೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2020ರ ಮೇ ತಿಂಗಳಲ್ಲಿ ಜಿಸಿಸಿ ಕಂಪೈಲರಿನ 10ನೇ ಆವೃತ್ತಿ ಬಂತು. ಅಲ್ಲಿಯವರೆಗೆ ಒಂದೇ ಹೆಸರಿನ ಗ್ಲೋಬಲ್ ವೇರಿಯಬಲ್ ಎರಡು ಸಿ ಫೈಲುಗಳಲ್ಲಿ ಬಂದರೆ ಅವೆರಡನ್ನೂ ಸದ್ದಿಲ್ಲದೆ ಒಂದು ಮಾಡಲಾಗುತ್ತಿತ್ತು. ಹೊಸ ಆವೃತ್ತಿ ಅದನ್ನು ತಪ್ಪೆಂದು ಹೇಳಿ ಬಿಲ್ಡನ್ನು ನಿಲ್ಲಿಸತೊಡಗಿತು. ಬದಲಾವಣೆ ಸರಿಯಾದದ್ದೇ. ಆದರೆ ಲಿನಕ್ಸ್ ಕರ್ನಲ್ ಮತ್ತು ಯು-ಬೂಟ್‌ನ ಹಳೆಯ ಆವೃತ್ತಿಗಳ ಜತೆ ಡಿಟಿಸಿ ಎಂಬ ಚಿಕ್ಕ ಟೂಲ್ ಬರುತ್ತದೆ. ಬೋರ್ಡಿನ ಮೇಲೆ ಯಾವ ಸಾಧನ ಎಲ್ಲಿದೆ ಎಂಬ ವಿವರವನ್ನು ಬೈನರಿಗೆ ಇಳಿಸುವುದು ಅದರ ಕೆಲಸ. ಅದರಲ್ಲಿ ‘ವೈವೈಲಾಕ್’ ಎಂಬ ವೇರಿಯಬಲ್ ಎರಡು ಕಡೆ ಇತ್ತು. ಲ್ಯಾಪ್‌ಟಾಪಿನ ಲಿನಕ್ಸ್ ಅಪ್‌ಗ್ರೇಡ್ ಆದ ಮರುದಿನ, ನಿನ್ನೆಯವರೆಗೆ ಬಿಲ್ಡ್ ಆಗುತ್ತಿದ್ದ ಕರ್ನಲ್ ಆ ಒಂದು ಸಾಲಿನಲ್ಲಿ ನಿಂತುಬಿಟ್ಟಿತು. ಗಮನಿಸಿ, ಬೋರ್ಡ್ ಬದಲಾಗಿಲ್ಲ, ಕರ್ನಲ್ ಸೋರ್ಸಿನ ಒಂದಕ್ಷರವೂ ಬದಲಾಗಿಲ್ಲ, ಬೋರ್ಡಿಗೆ ಬೇಕಾದ ಕ್ರಾಸ್ ಕಂಪೈಲರೂ ಅದೇ ಹಳೆಯದು. ಡಿಟಿಸಿ ಓಡುವುದು ಲ್ಯಾಪ್‌ಟಾಪಿನ ಮೇಲೆ, ಹಾಗಾಗಿ ಅದನ್ನು ತಯಾರಿಸುವುದು ಲ್ಯಾಪ್‌ಟಾಪಿನದೇ ಕಂಪೈಲರ್. ಆ ಕಂಪೈಲರ್ ಬದಲಾಗಿತ್ತು. ಅದಕ್ಕೂ ಮುಂಚೆ, 2018ರ ಆಗಸ್ಟಿನಲ್ಲಿ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.28 ಆವೃತ್ತಿ ಬಂದಾಗ, ಎಂಬೆಡೆಡ್ ಲಿನಕ್ಸ್ ಕಟ್ಟುವ ಬಿಲ್ಡ್‌ರೂಟ್‌ನ ಹಳೆಯ ಆವೃತ್ತಿಗಳಲ್ಲಿ ಎಂ4, ಬೈಸನ್‌ನಂಥ ಟೂಲ್‌ಗಳು ಇದೇ ರೀತಿ ಕೈಕೊಟ್ಟಿದ್ದವು. ಬಲ್ಲವರಿಗೆ ಇದು ಅರ್ಧ ದಿನದ ಕೆಲಸ. ಉತ್ಪನ್ನ ಮಾಡಿದವರು ಕಂಪನಿ ಬಿಟ್ಟುಹೋಗಿ, ಭದ್ರತಾ ದೋಷದ ಗಡುವು ತಲೆಯ ಮೇಲಿದ್ದು, ಇಂಥ ಮೂವತ್ತು ತೊಡಕುಗಳು ಒಂದರ ಹಿಂದೊಂದು ಬಂದರೆ ವಾರಗಳೇ ಹೋಗುತ್ತವೆ. ಕೊನೆಗೆ ಬಿಲ್ಡ್ ಆದ ಬೈನರಿ ಮೊದಲಿನಂತೆಯೇ ನಡೆದುಕೊಳ್ಳುತ್ತದೆ ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ಕಂಟೇನರ್ ಈ ಸಮಸ್ಯೆಯ ಬುಡಕ್ಕೇ ಕೈ ಹಾಕುತ್ತದೆ. ಕಂಟೇನರ್ ಎಂದರೆ ಹೊರಗಿನ ಕಂಪ್ಯೂಟರಿನ ಲಿನಕ್ಸ್ ಕರ್ನಲನ್ನೇ ಬಳಸಿಕೊಂಡು, ಒಳಗೆ ಓಡುವ ಪ್ರೋಗ್ರಾಂಗೆ ತನ್ನದೇ ಫೈಲುಗಳು, ತನ್ನದೇ ಲೈಬ್ರರಿಗಳು ಮಾತ್ರ ಕಾಣುವಂತೆ ಮಾಡಿದ ಪ್ರತ್ಯೇಕ ಜಾಗ. ಇದಕ್ಕೆ ಬೇಕಾದ ಸೌಲಭ್ಯಗಳು ಕರ್ನಲಿನಲ್ಲಿ 2008ರ ಹೊತ್ತಿಗೇ ಬರತೊಡಗಿದ್ದವು. 2013ರಲ್ಲಿ ಬಂದ ಡಾಕರ್ ಅವನ್ನು ಸಾಮಾನ್ಯ ಪ್ರೋಗ್ರಾಮರನ ಕೈಗೆ ಕೊಟ್ಟಿತು. ಯಾವ ಲಿನಕ್ಸ್, ಯಾವ ಕಂಪೈಲರ್, ಯಾವ ಆವೃತ್ತಿ ಎಂಬುದನ್ನು ಡಾಕರ್‌ಫೈಲ್ ಎಂಬ ಪುಟ್ಟ ಪಠ್ಯದಲ್ಲಿ ಬರೆದರೆ, ಅದರಿಂದ ಇಮೇಜ್ ತಯಾರಾಗುತ್ತದೆ. ಆ ಇಮೇಜ್ ಇದ್ದವರೆಲ್ಲರ ಬಳಿಯೂ ಅದೇ ಪರಿಸರ. ವರ್ಚುವಲ್ ಮಷೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನದೇ ಕರ್ನಲ್ ಸಮೇತ ಇಡೀ ಕಂಪ್ಯೂಟರನ್ನು ಒಂದು ಫೈಲಿನೊಳಗೆ ಕೂರಿಸುತ್ತದೆ. ಇದು ಭಾರವೂ ಹೌದು, ನಿಧಾನವೂ ಹೌದು. ಎಂಬೆಡೆಡ್ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಜೆಫಿರ್ ಯೋಜನೆ ತನ್ನ ಟೂಲ್‌ಚೈನ್ ತುಂಬಿದ ಕಂಟೇನರ್ ಇಮೇಜನ್ನು ತಾನೇ ಹಂಚುತ್ತದೆ. ಇಎಸ್‌ಪಿ32 ಚಿಪ್ ಮಾಡುವ ಎಸ್ಪ್ರೆಸಿಫ್ ಐಡಿಎಫ್ ಎಂಬ ತನ್ನ ಎಸ್‌ಡಿಕೆಗೂ ಹಾಗೆಯೇ ಮಾಡುತ್ತದೆ. ಸಾವಿರಾರು ಬಳಕೆದಾರರ ಇನ್‌ಸ್ಟಾಲೇಶನ್ ದೂರುಗಳನ್ನು ಕೇಳಿಸಿಕೊಂಡವರು ಕಂಡುಕೊಂಡ ದಾರಿ ಇದು.

ಕಂಟೇನರನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವುದು, ಹೊಸಬ ಕೆಲಸಕ್ಕೆ ಸೇರಿದ ದಿನವೇ ಬಿಲ್ಡ್ ಮಾಡಬಹುದು, ತಂಡದಲ್ಲಿ ‘ನನ್ನ ಮಷೀನಿನಲ್ಲಿ ಸರಿಯಾಗಿ ಓಡುತ್ತಿದೆ’ ಎಂಬ ಜಗಳ ಇರುವುದಿಲ್ಲ ಎಂದು. ಅದೂ ನಿಜ, ಆದರೆ ಅದು ಚಿಕ್ಕ ಲಾಭ. ದೊಡ್ಡ ಲಾಭ ಕಾಲದ್ದು. ಎಂಬೆಡೆಡ್ ಲಿನಕ್ಸ್ ಕಟ್ಟುವವರಲ್ಲಿ ಹೆಚ್ಚು ಬಳಕೆಯಲ್ಲಿರುವ ಯೋಕ್ಟೊ ಯೋಜನೆಯ ದೀರ್ಘಾವಧಿ ಬೆಂಬಲದ ಆವೃತ್ತಿಯೆಂದರೆ ನಾಲ್ಕು ವರ್ಷ. 2020ರ ಏಪ್ರಿಲಿನಲ್ಲಿ ಬಂದ ಡನ್‌ಫೆಲ್ 2024ರ ಏಪ್ರಿಲಿಗೆ ಮುಗಿಯಿತು. ಉಬುಂಟು ಎಲ್‌ಟಿಎಸ್‌ಗೆ ಸಾಮಾನ್ಯ ಬೆಂಬಲ ಐದು ವರ್ಷ. ಗೋಡೆಗೆ ಹಾಕಿದ ಮೀಟರ್, ನೀರು ಸರಬರಾಜಿನ ಪಂಪ್ ನಿಯಂತ್ರಕ, ಐಸಿಯುವಿನ ಮಾನಿಟರ್ ಹತ್ತು ಹದಿನೈದು ವರ್ಷ ಬಾಳಬೇಕಾದವು. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ಪ್ಯಾಟರ್ನನ್ನು ಬಿಡಿಭಾಗ ಮಾರಿದ ಮೇಲೂ ಜೋಪಾನವಾಗಿ ಇಡುತ್ತಾರೆ, ಏಕೆಂದರೆ ಗಿರಾಕಿ ಐದು ವರ್ಷ ಬಿಟ್ಟು ಬಂದು ಅದೇ ಭಾಗ ಕೇಳುತ್ತಾನೆ. ಫರ್ಮ್‌ವೇರಿನ ಪ್ಯಾಟರ್ನ್ ಎಂದರೆ ಬಿಲ್ಡ್ ಪರಿಸರ.

ಗಡುವೊಂದು ಈಗಾಗಲೇ ಗೊತ್ತಾಗಿ ಹೋಗಿದೆ. 2038ರ ಜನವರಿ 19, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಸಮಯವನ್ನು 32 ಬಿಟ್‌ನಲ್ಲಿ ಎಣಿಸುವ ಸಾಧನಗಳ ಲೆಕ್ಕ ತುಂಬಿಹೋಗುತ್ತದೆ. ಮರು ಸೆಕೆಂಡಿಗೆ ಅವು 1901ಕ್ಕೆ ಜಾರುತ್ತವೆ. 32 ಬಿಟ್ ಪ್ರೊಸೆಸರಿನ ಮೇಲೂ 64 ಬಿಟ್ ಸಮಯ ಬಳಸುವ ವ್ಯವಸ್ಥೆ ಲಿನಕ್ಸ್ ಕರ್ನಲಿಗೆ 2020ರಲ್ಲಿ, ಜಿಲಿಬ್‌ಸಿಗೆ 2021ರಲ್ಲಿ ಬಂತು. ಆದರೆ ಅದರ ಪ್ರಯೋಜನ ಸಿಗುವುದು ಫರ್ಮ್‌ವೇರನ್ನು ಹೊಸದಾಗಿ ಬಿಲ್ಡ್ ಮಾಡಿದವರಿಗೆ ಮಾತ್ರ. ಇವತ್ತು ಅಳವಡಿಸುತ್ತಿರುವ ಎಷ್ಟೋ ಸಾಧನಗಳು ಆ ಬೆಳಿಗ್ಗೆ ಇನ್ನೂ ಕೆಲಸದಲ್ಲಿರುತ್ತವೆ. ಹೊಸ ಲೈಬ್ರರಿಗೆ ದಾಟಿಸುವ ಕೆಲಸಕ್ಕೂ ಹಳೆಯ ಪರಿಸರ ಬೇಕು. ಮೊದಲು ಹಳೆಯದನ್ನು ಇದ್ದ ಹಾಗೇ ಬಿಲ್ಡ್ ಮಾಡಿ ನೋಡಬೇಕು, ಆಮೇಲೆ ಒಂದೊಂದಾಗಿ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ ತಪ್ಪು ಎಲ್ಲಿ ನುಸುಳಿತೆಂದು ಹುಡುಕಲು ಆಧಾರವೇ ಇರುವುದಿಲ್ಲ.

ಬಿಲ್ಡ್ ಪರಿಸರವನ್ನು ಹೀಗೆ ಕಂಟೇನರಿನಲ್ಲಿ ಕಾಯ್ದಿಡುವುದಕ್ಕೆ ಇರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಕಂಟೇನರೂ ಹಳತಾಗುತ್ತದೆ ಎಂಬುದು. ಡಾಕರ್‌ಫೈಲ್ ಒಂದನ್ನು ಬರೆದಿಟ್ಟು ನಿಶ್ಚಿಂತೆಯಿಂದ ಇದ್ದವರಿಗೆ 2024ರ ಜೂನ್ 30ರ ನಂತರ ಇದರ ಅನುಭವವಾಯಿತು. ಅಂದು ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಬೆಂಬಲ ಮುಗಿದು, ಅದು ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುತ್ತಿದ್ದ ವಿಳಾಸವೇ ಇಲ್ಲವಾಯಿತು. ಸೆಂಟ್‌ಒಎಸ್ 7 ಆಧರಿಸಿದ ಡಾಕರ್‌ಫೈಲ್‌ನ ಮೊದಲ ಇನ್‌ಸ್ಟಾಲ್ ಸಾಲಿನಲ್ಲೇ ಬಿಲ್ಡ್ ನಿಂತಿತು. ಬೇರೆಯವರ ಸರ್ವರಿನಲ್ಲಿರುವ ಇಮೇಜನ್ನು ನಂಬಿ ಕೂರುವುದೂ ಅಪಾಯವೇ. 2020ರ ನವೆಂಬರಿನಲ್ಲಿ, ಇಮೇಜ್‌ಗಳನ್ನು ಹಂಚುವ ಡಾಕರ್ ಹಬ್ ಉಚಿತ ಡೌನ್‌ಲೋಡ್‌ಗಳಿಗೆ ಮಿತಿ ಹಾಕಿತು. 2023ರಲ್ಲಿ ಉಚಿತ ತಂಡಗಳ ಖಾತೆಗಳನ್ನು ಮುಚ್ಚುವುದಾಗಿ ಹೇಳಿ, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಕಂಟೇನರ್ ಬೇಡ ಎನ್ನುವುದಕ್ಕೆ ಕಾರಣವಾಗದು, ಕಂಟೇನರನ್ನು ಹೇಗೆ ಕಟ್ಟಬೇಕೆಂದು ಹೇಳುತ್ತದೆ ಅಷ್ಟೇ. ‘ಲೇಟೆಸ್ಟ್’ ಎಂಬ ಹಣೆಪಟ್ಟಿಯ ಇಮೇಜನ್ನು ಬಳಸಬಾರದು, ಏಕೆಂದರೆ ಅದು ಯಾವಾಗ ಬೇಕಾದರೂ ಬದಲಾಗಬಹುದು. ಇಮೇಜನ್ನು ಅದರ ಎಸ್‌ಎಚ್‌ಎ-256 ಡೈಜೆಸ್ಟ್‌ನಿಂದಲೇ ಗುರುತಿಸಬೇಕು. ಡೆಬಿಯನ್ ಲಿನಕ್ಸ್ ಬಳಸುವವರಿಗೆ ನಿರ್ದಿಷ್ಟ ದಿನಾಂಕದಂದು ಇದ್ದ ಪ್ಯಾಕೇಜ್‌ಗಳನ್ನೇ ಕೊಡುವ ಸ್ನ್ಯಾಪ್‌ಶಾಟ್ ಸಂಗ್ರಹ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಉತ್ಪನ್ನ ಬಿಡುಗಡೆಯಾದ ದಿನ ಆ ಇಮೇಜನ್ನು ಫೈಲಾಗಿ ಇಳಿಸಿ ಕಂಪನಿಯ ಸ್ವಂತ ಸಂಗ್ರಹದಲ್ಲಿ ಇಡಬೇಕು. ಡಾಕರ್‌ಫೈಲ್ ಇಮೇಜಿನ ವಿವರಣೆ ಮಾತ್ರ, ಕಾಪಾಡಬೇಕಾದ ವಸ್ತು ಇಮೇಜ್.

ಅಷ್ಟು ಮಾಡಿದರೂ ಒಂದು ಬಿರುಕು ಉಳಿಯುತ್ತದೆ. ಕಂಟೇನರಿಗೆ ಸ್ವಂತ ಕರ್ನಲ್ ಇಲ್ಲ. ಹೊರಗಿನ ಕರ್ನಲ್ ಮುಂದೆ ಸಾಗುತ್ತಲೇ ಇರುತ್ತದೆ. ಸೆಂಟ್‌ಒಎಸ್ 6ರ ಇಮೇಜ್‌ಗಳಲ್ಲಿ ಇದ್ದ ಹಳೆಯ ಜಿಲಿಬ್‌ಸಿ, ಕರ್ನಲ್ ಒದಗಿಸುತ್ತಿದ್ದ ವಿಸಿಸ್‌ಕಾಲ್ ಎಂಬ ಹಳೆಯ ಸೌಲಭ್ಯವನ್ನು ನಂಬಿತ್ತು. ಭದ್ರತೆಯ ಕಾರಣಕ್ಕೆ ಅದನ್ನು ಮುಚ್ಚಿದ ಹೊಸ ಕರ್ನಲ್‌ಗಳ ಮೇಲೆ ಆ ಕಂಟೇನರ್‌ಗಳು ಶುರುವಾಗುತ್ತಲೇ ಕುಸಿದುಬಿದ್ದವು. ಇಮೇಜ್ ಹಾಳಾಗಿರಲಿಲ್ಲ, ಅದರ ಕಾಲ ಕೆಳಗಿನ ನೆಲ ಸರಿದಿತ್ತು. ಹಾಗಾಗಿ ಕಂಟೇನರೋ ವರ್ಚುವಲ್ ಮಷೀನೋ ಎಂಬ ವಾದದಲ್ಲಿ ಒಂದು ಕಡೆ ನಿಲ್ಲಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನನಿತ್ಯದ ಕೆಲಸಕ್ಕೆ, ಸರ್ವರಿನಲ್ಲಿ ರಾತ್ರಿ ನಡೆಯುವ ಬಿಲ್ಡ್‌ಗಳಿಗೆ ಕಂಟೇನರ್ ಸಾಕು. ಅದು ಹಗುರ, ಕ್ಷಣದಲ್ಲಿ ಶುರುವಾಗುತ್ತದೆ. ಮಾರುಕಟ್ಟೆಗೆ ಹೋದ ಪ್ರತಿ ಮುಖ್ಯ ಆವೃತ್ತಿಗೆ, ಆ ಕಂಟೇನರನ್ನೂ ಅದರ ಸೋರ್ಸನ್ನೂ ಒಳಗಿಟ್ಟ ಒಂದು ವರ್ಚುವಲ್ ಮಷೀನನ್ನು ಸಂಗ್ರಹಕ್ಕೆ ಹಾಕಬೇಕು. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ ಕ್ಯೂಇಎಂಯು ಇವತ್ತಿಗೂ ಹಳೆಯ ಪಿಸಿಯೊಂದನ್ನು ಪೂರ್ತಿಯಾಗಿ ಅನುಕರಿಸಬಲ್ಲದು. ನಾಳೆ ಲ್ಯಾಪ್‌ಟಾಪ್‌ಗಳೆಲ್ಲ ಆರ್ಮ್ ಪ್ರೊಸೆಸರಿಗೆ ಬದಲಾದರೂ, ನಿಧಾನವಾಗಿಯಾದರೂ, ಆ ಮಷೀನ್ ಓಡುತ್ತದೆ. ಸಂಗ್ರಹಕ್ಕೆ ಜಾಗ ಹೆಚ್ಚು ಬೇಕಲ್ಲ ಎನ್ನುವವರಿದ್ದಾರೆ. ಯೋಕ್ಟೊ ಬಿಲ್ಡ್ ಒಂದಕ್ಕೆ ಹತ್ತಾರು ಗಿಗಾಬೈಟ್ ಬೇಕಾಗುವುದು ನಿಜ. ಹಾರ್ಡ್‌ಡಿಸ್ಕ್‌ನ ಬೆಲೆಯನ್ನು, ಮಾರಿದ ಮೇಲೆ ರಿಪೇರಿ ಮಾಡಲಾಗದ ಒಂದು ಲಕ್ಷ ಸಾಧನಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಆ ಚಿಂತೆ ಉಳಿಯುವುದಿಲ್ಲ.

ಬೋರ್ಡಿನ ಜತೆ ದಿನವಿಡೀ ಕೆಲಸ ಮಾಡುವವರ ಆಕ್ಷೇಪ ಬೇರೆ. ಅವರಿಗೆ ಬಿಲ್ಡ್ ಅರ್ಧ ಕೆಲಸ ಮಾತ್ರ. ಫ್ಲ್ಯಾಶ್ ಮಾಡುವುದು, ಡೀಬಗ್ ಮಾಡುವುದು ಉಳಿದರ್ಧ, ಅದಕ್ಕೆ ಯುಎಸ್‌ಬಿ ಕೇಬಲ್ ಬೇಕು. ಕಂಟೇನರಿಗೂ ಯುಎಸ್‌ಬಿಗೂ ಅಷ್ಟಾಗಿ ಹೊಂದುವುದಿಲ್ಲ. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಒಂದನ್ನು ಕಂಟೇನರಿನೊಳಗೆ ಕೊಡಬಹುದು. ಆದರೆ ಎಷ್ಟೋ ಬೋರ್ಡ್‌ಗಳು ಫ್ಲ್ಯಾಶ್ ಮಾಡುವಾಗ ರೀಸೆಟ್ ಆಗಿ, ಕ್ಷಣಕಾಲ ಕಣ್ಮರೆಯಾಗಿ, ಬೂಟ್‌ಲೋಡರ್ ರೂಪದಲ್ಲಿ ಬೇರೊಂದು ಸಾಧನವೆಂಬಂತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಹೊರಗಿನ ಕಂಪ್ಯೂಟರಿಗೆ ಅದು ಕಾಣುತ್ತದೆ, ಕಂಟೇನರ್ ಮಾತ್ರ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಡಾಕರ್ ಓಡುವುದೇ ಒಂದು ವರ್ಚುವಲ್ ಮಷೀನಿನೊಳಗಿನ ಲಿನಕ್ಸ್‌ನಲ್ಲಿ. ಬೇಸತ್ತ ಎಂಜಿನಿಯರ್‌ಗಳು ಕಂಟೇನರಿಗೆ ‘ಪ್ರಿವಿಲೆಜ್ಡ್’ ಅಧಿಕಾರ ಕೊಟ್ಟು, ಇಡೀ ಕಂಪ್ಯೂಟರಿನ ಸಾಧನಗಳನ್ನೆಲ್ಲ ಒಳಗೆ ಬಿಟ್ಟುಬಿಡುತ್ತಾರೆ. ಆಗ ಪ್ರತ್ಯೇಕತೆಯೇ ಉಳಿಯುವುದಿಲ್ಲ. ಇದಕ್ಕೆ ನೇರವಾದ ದಾರಿ ಒಂದಿದೆ. ಯುಎಸ್‌ಬಿಯನ್ನು ಒಳಗೆ ತರಲೇಬೇಡಿ. ಬೋರ್ಡಿಗೆ ಸಿಕ್ಕಿಸಿದ ಡೀಬಗ್ ಪ್ರೋಬ್ ಜತೆ ಮಾತಾಡುವ ಓಪನ್‌ಒಸಿಡಿ ಎಂಬ ಟೂಲ್ ಹೊರಗಿನ ಕಂಪ್ಯೂಟರಿನಲ್ಲೇ ಇರಲಿ. ಅದು ರೂಢಿಯಂತೆ 3333ನೇ ಪೋರ್ಟಿನಲ್ಲಿ ಕಾದಿರುತ್ತದೆ, ಕಂಟೇನರಿನೊಳಗಿನ ಡೀಬಗರ್ ಜಿಡಿಬಿ ನೆಟ್‌ವರ್ಕ್ ಮೂಲಕ ಅದನ್ನು ತಲುಪುತ್ತದೆ. ಬ್ರೇಕ್‌ಪಾಯಿಂಟ್ ಹಾಕುವವನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೈನರಿಯ ಒಳಗೆ ಏನಿರಬೇಕೆಂದು ನಿರ್ಧರಿಸುವ ಕಂಪೈಲರ್, ಲಿಂಕರ್, ಲೈಬ್ರರಿಗಳು ಕಂಟೇನರಿನಲ್ಲಿರಬೇಕು; ತಯಾರಾದ ಬೈನರಿಯನ್ನು ಸಾಗಿಸುವ ಟೂಲ್ ಹೊರಗಿದ್ದರೂ ನಷ್ಟವಿಲ್ಲ. ಈ ಗೆರೆಯನ್ನು ಸರಿಯಾಗಿ ಎಳೆದರೆ ಜಗಳ ಮುಕ್ಕಾಲು ಪಾಲು ಮುಗಿಯುತ್ತದೆ.

ವಾಣಿಜ್ಯ ಕಂಪೈಲರ್‌ಗಳ ಲೈಸೆನ್ಸ್ ಮಾತ್ರ ನಿಜವಾದ ಮುಳ್ಳು. ಡಾಂಗಲ್‌ಗೋ ಒಂದು ಮಷೀನಿನ ನೆಟ್‌ವರ್ಕ್ ಕಾರ್ಡಿಗೋ ಕಟ್ಟಿಹಾಕಿದ ಲೈಸೆನ್ಸ್ ಕಂಟೇನರಿನೊಳಗೆ ಸುಲಭವಾಗಿ ಬರುವುದಿಲ್ಲ. ವರ್ಚುವಲ್ ಮಷೀನಿಗೆ ಸ್ಥಿರವಾದ ನೆಟ್‌ವರ್ಕ್ ವಿಳಾಸ ಕೊಡಬಹುದು, ಆದರೆ ಅದಕ್ಕೆ ಒಪ್ಪಂದ ಅವಕಾಶ ಕೊಡುತ್ತದೆಯೇ ಎಂದು ನೋಡಬೇಕು. ಕೊಳ್ಳುವಾಗಲೇ ಇದನ್ನು ಕೇಳಿ ಬರೆಸಿಕೊಳ್ಳುವುದೊಂದೇ ಉಪಾಯ.

ಶಿಕ್ಷಕರು ಎತ್ತುವ ಪ್ರಶ್ನೆಗೂ ಉತ್ತರ ಕೊಡಬೇಕು. ಟೂಲ್‌ಚೈನನ್ನು ಕೈಯಾರೆ ಜೋಡಿಸಿದವನಿಗೇ ಅದರ ಒಳಗು ತಿಳಿಯುವುದು, ಸಿದ್ಧ ಇಮೇಜ್ ಕೊಟ್ಟರೆ ವಿದ್ಯಾರ್ಥಿ ಗುಂಡಿ ಒತ್ತುವುದನ್ನಷ್ಟೇ ಕಲಿಯುತ್ತಾನೆ ಎನ್ನುತ್ತಾರೆ. ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಮೈಕ್ರೋಕಂಟ್ರೋಲರ್ ಪ್ರಯೋಗಾಲಯಕ್ಕೆ ಇದ್ದದ್ದು ಎಲ್‌ಪಿಸಿ2148 ಬೋರ್ಡ್. ಇಂಥ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವುದು ಕೈಲ್ ಐಡಿಇ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿ ಬಿಲ್ಡ್ ಗುಂಡಿ ಒತ್ತಿದರಾಯಿತು. ಗುಂಡಿಯ ಹಿಂದೆ ಯಾವ ಕಂಪೈಲರ್ ಯಾವ ಆಯ್ಕೆಗಳೊಂದಿಗೆ ಓಡಿತು ಎಂಬುದನ್ನು ವಿದ್ಯಾರ್ಥಿ ಅಲ್ಲಿ ನೋಡಲೇಬೇಕಾಗಿಲ್ಲ. ಡಾಕರ್‌ಫೈಲ್ ಬರೆಯುವ ವಿದ್ಯಾರ್ಥಿ ತನಗೆ ಬೇಕಾದ ಟೂಲ್‌ಗಳನ್ನು ಹೆಸರಿಸಲೇಬೇಕು. ಬಿಟ್ಟುಹೋದದ್ದು ಬಿಲ್ಡ್ ನಿಂತಾಗ ಗೊತ್ತಾಗುತ್ತದೆ. ಹಾಗಾಗಿ ಕೈಯಾರೆ ಜೋಡಿಸಿ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಾಣುವುದಿಲ್ಲ. ಮೊದಲ ವಾರ ಸಿದ್ಧ ಇಮೇಜ್ ಕೊಡಲಿ, ಸೆಮಿಸ್ಟರಿನ ಕೊನೆಗೆ ಅದನ್ನು ತಾವೇ ಬರೆದು ತೋರಿಸುವಂತೆ ಕೇಳಲಿ.

ಭದ್ರತೆಯ ದೃಷ್ಟಿಯಿಂದಲೂ ಇದೇ ಮಾತು. 2020ರಲ್ಲಿ ಬಯಲಾದ, ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣದಲ್ಲಿ ದಾಳಿಕೋರರು ಕೈ ಹಾಕಿದ್ದು ಬಿಲ್ಡ್ ಸರ್ವರಿಗೆ. 2024ರ ಮಾರ್ಚಿನಲ್ಲಿ ಸಿಕ್ಕಿಬಿದ್ದ, ಎಕ್ಸ್‌ಜಡ್ ಎಂಬ ಕಂಪ್ರೆಶನ್ ಟೂಲಿನ ಹಿಂಬಾಗಿಲಿನಲ್ಲೂ, ಅದನ್ನು ಚಾಲೂ ಮಾಡುವ ಸಾಲುಗಳು ಗಿಟ್‌ನಲ್ಲಿದ್ದ ಸೋರ್ಸಿನಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನ ಬಿಲ್ಡ್ ಸ್ಕ್ರಿಪ್ಟಿನಲ್ಲಿದ್ದವು. ಸೋರ್ಸ್ ಓದಿ ನಂಬುವವರಿಗೆ ಇಂಥದ್ದು ಕಾಣುವುದಿಲ್ಲ. ಅದೇ ಪರಿಸರವನ್ನು ಬೇರೊಂದು ಕಡೆ ಕಟ್ಟಿ, ಅದೇ ಸೋರ್ಸನ್ನು ಬಿಲ್ಡ್ ಮಾಡಿ, ಎರಡು ಬೈನರಿಗಳನ್ನು ಬೈಟ್‌ಗೆ ಬೈಟ್ ಹೋಲಿಸಿದರೆ ಬಿಲ್ಡ್ ಸರ್ವರಿನಲ್ಲಿ ಆದ ಕೈಚಳಕ ಹೊರಬೀಳುತ್ತದೆ. ಹೀಗೆ ಹೋಲಿಸಲು, ಬಿಲ್ಡ್ ಆದ ದಿನಾಂಕ, ಸಮಯವನ್ನು ಬೈನರಿಯೊಳಗೆ ತುಂಬುವ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಅಷ್ಟು ಶಿಸ್ತು ಬೇಕು. ಡೆಬಿಯನ್‌ನವರು 2013ರಿಂದ ಇದರ ಹಿಂದೆ ಬಿದ್ದು ಬಹುಪಾಲು ಪ್ಯಾಕೇಜ್‌ಗಳಲ್ಲಿ ಸಾಧಿಸಿದ್ದಾರೆ.

ಇದು ಕಂಪನಿಗಳ ಒಳಗಿನ ವಿಷಯ, ಪತ್ರಿಕೆ ಓದುವವರಿಗೇಕೆ ಎಂದು ಕೇಳಬಹುದು. ಈ ಸಾಧನಗಳಿಗೆ ಹಣ ಕೊಡುತ್ತಿರುವವರು ನಾವು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ, ವಿದ್ಯುತ್ ವಿತರಣೆಯ ಆರ್‌ಡಿಎಸ್‌ಎಸ್ ಯೋಜನೆ ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಅಳವಡಿಸುವ ಗುರಿ ಇಟ್ಟುಕೊಂಡಿತ್ತು. ಪ್ರತಿಯೊಂದರ ಒಳಗೂ ಫರ್ಮ್‌ವೇರ್ ಇದೆ. ಯುರೋಪಿನಲ್ಲಿ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಸೈಬರ್ ರೆಸಿಲಿಯನ್ಸ್ ಕಾಯ್ದೆ, ಡಿಜಿಟಲ್ ಉತ್ಪನ್ನ ಮಾರುವವರು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ದೋಷಗಳನ್ನು ಸರಿಪಡಿಸುತ್ತಿರಬೇಕೆಂದು ಕೇಳುತ್ತದೆ. ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗಿನಿಂದ ಚಿಪ್ ಮತ್ತು ಎಂಬೆಡೆಡ್ ಕೆಲಸದ ನೆಲೆಯಾಗಿರುವ ಬೆಂಗಳೂರಿನಲ್ಲಿ ತಯಾರಾಗಿ ಯುರೋಪಿಗೆ ಹೋಗುವ ಉತ್ಪನ್ನಗಳೂ ಅದಕ್ಕೆ ಒಳಪಡುತ್ತವೆ. ಹೊರಗಿನ ಗಿರಾಕಿಗಾಗಿ ಹೇಗೂ ಮಾಡಬೇಕಾದ ಕೆಲಸವನ್ನು ಇಲ್ಲಿನ ಗಿರಾಕಿಯೂ ಕೇಳಿ ಪಡೆಯುವುದರಲ್ಲಿ ತಪ್ಪೇನು?

ಹೀಗೆ ಕೇಳಬಹುದು. ನಮ್ಮ ಎಸ್ಕಾಂಗಳು, ಸಾರಿಗೆ ನಿಗಮಗಳು, ಸರ್ಕಾರಿ ಆಸ್ಪತ್ರೆಗಳು ಕರೆಯುವ ಟೆಂಡರಿನಲ್ಲಿ ಒಂದು ಷರತ್ತು ಸೇರಲಿ: ಸರಬರಾಜು ಮಾಡಿದ ಫರ್ಮ್‌ವೇರಿನ ಸೋರ್ಸ್ ಕೋಡ್, ಅದನ್ನು ಬಿಲ್ಡ್ ಮಾಡುವ ಕಂಟೇನರ್ ಇಮೇಜ್, ವರ್ಚುವಲ್ ಮಷೀನ್ ಮೂರನ್ನೂ ಒಪ್ಪಿಗೆಯ ಮೂರನೆಯ ಸಂಸ್ಥೆಯೊಂದರಲ್ಲಿ ಮುದ್ರೆ ಹಾಕಿ ಇಡಬೇಕು. ಕಂಪನಿಯ ಗುಟ್ಟು ಬಯಲಾಗುವ ಭಯ ಬೇಡ, ಕಂಪನಿ ಕೈಬಿಟ್ಟಾಗ ಮಾತ್ರ ಅವನ್ನು ಹೊರಗಿನವರಿಗೆ ಕೊಡಬೇಕೆಂದು ಒಪ್ಪಂದದಲ್ಲೇ ಬರೆಯಬಹುದು. ವರ್ಷಕ್ಕೊಮ್ಮೆ ಆ ಸಂಸ್ಥೆಯ ಎಂಜಿನಿಯರ್ ಒಬ್ಬರು, ಉತ್ಪನ್ನದ ತಂಡದವರ ನೆರವಿಲ್ಲದೆ, ಇಂಟರ್‌ನೆಟ್ ಸಂಪರ್ಕ ತೆಗೆದ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಬಿಲ್ಡ್ ಮಾಡಲಿ. ಹಾಗೆ ಬಂದ ಬೈನರಿಯ ಹ್ಯಾಶ್, ಗೋಡೆಯ ಮೇಲಿನ ಮೀಟರಿಗೆ ಹೋದ ಬೈನರಿಗೆ ಸಹಿ ಹಾಕುವ ಮುಂಚೆ ಇದ್ದ ಹ್ಯಾಶ್‌ಗೆ ಹೊಂದಬೇಕು. ಹೊಂದದಿದ್ದರೆ ಆ ವರ್ಷದ ನಿರ್ವಹಣೆಯ ಬಿಲ್ ಪಾಸಾಗಬಾರದು.